ಒಂದರಂತೆ ಇನ್ನೊಂದಿಲ್ಲ

ಬಂಟವಾಳದಿಂದಾಗಲಿ ಬೆಳ್ತಂಗಡಿಯಿಂದಾಗಲಿ ಮೂಡಬಿದಿರೆಗೆ ಹೋಗಿ ಸಾವಿರ ಕಂಬದ ಬಸದಿಯನ್ನು ಹೊಕ್ಕವರಿಗೆ ತಪ್ಪದೆ ಕೇಳಿಬರುವ ಮಾತೊಂದುಂಟು: ಇಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲ. 1430ರ ಆ ಶಿಲ್ಪವನ್ನು ಕಣ್ಣಿನಿಂದಲೇ ಪರೀಕ್ಷಿಸಬಹುದು. ಕಣ್ಣಿಗೆ ಕಾಣದ ಆಕೃತಿಗಳನ್ನು ಕುರಿತು ಇದೇ ಮಾತನ್ನಾಡಬೇಕಾದರೆ?

ಕಾಗದದ ಮೇಲಿನ ಆಕೃತಿಗಳಲ್ಲಿ ಈ ತೊಡಕಿಲ್ಲ. ನಾಲ್ಕು ಕಡೆ ಎಲ್ಲೆಯುಳ್ಳ, ನಡುವೆ ತೂತಿಲ್ಲದ ಪ್ರದೇಶ ಎಷ್ಟೇ ಸೊಟ್ಟಗಿರಲಿ, ಕೋನ ಕೆಡದಂತೆ ಅದನ್ನು ದುಂಡು ಬಿಲ್ಲೆಯಾಗಿ ಮಾರ್ಪಡಿಸಬಹುದೆಂದು 1851ರಲ್ಲಿ ರೀಮಾನ್ ಸಾರಿದರು. ಹೀಗೆ ಮಾರ್ಪಡಿಸುವ ನಯವಾದ ಫಲನಗಳಿಗೆ ಹಾಲೊಮಾರ್ಫಿಕ್ ಎಂದು ಹೆಸರು. ಆದರೆ ಒಂದು ಮಿಶ್ರ ಸಂಖ್ಯೆಯ ಬದಲು ಎರಡನ್ನು ಒಟ್ಟಿಗೆ ಹಿಡಿದರೆ ಆಯಾಮ ನಾಲ್ಕಾಗುತ್ತದೆ. ಅಲ್ಲಿಯ ಗೋಲವನ್ನು, ಎರಡು ಬಿಲ್ಲೆಗಳು ಕೂಡಿ ಆದ ಆಕೃತಿಯಾಗಿ ಮಾರ್ಪಡಿಸುವುದು ಸಾಧ್ಯವೇ ಇಲ್ಲವೆಂದು 1907ರಲ್ಲಿ ಪ್ವಾಂಕಾರೆ ತಿಳಿಸಿದರು. ಎರಡರಲ್ಲಿಯೂ ತೂತಿಲ್ಲ, ಆದರೂ ಒಂದರಂತೆ ಇನ್ನೊಂದಿಲ್ಲ!

ಇಂಥ ಭೇದವನ್ನು ಅಳೆಯುವ ಕೋಲನ್ನು ಕೊಟ್ಟವರು ಸ್ಟೆಫಾನ್ ಬರ್ಗ್‌ಮನ್. 1895ರಲ್ಲಿ ಪೋಲೆಂಡಿನ ಚೆನ್‌ಸ್ಟೊಹೋವಾದಲ್ಲಿ ಹುಟ್ಟಿ ಬರ್ಲಿನ್ನಿಗೆ ಓದಲು ಹೋದ ಅವರಿಗೆ ಜರ್ಮನ್ ಭಾಷೆ ಸರಿಯಾಗಿ ಬಾರದು. ಗುರುಗಳು ಸಾಧಾರಣ ಸಂಖ್ಯಾರೇಖೆಯ ಮೇಲೆ ಕೊಟ್ಟ ಲೆಕ್ಕವನ್ನು ಅವರು ತಪ್ಪಾಗಿ ತಿಳಿದು ಮಿಶ್ರ ಸಂಖ್ಯೆಗಳ ಪ್ರದೇಶದಲ್ಲಿ ಮಾಡಿಬಿಟ್ಟರೆಂದು ಗಣಿತಜ್ಞರಲ್ಲಿ ಒಂದು ಕಥೆಯಿದೆ. ತಪ್ಪಾದರೆ ಇಂಥ ತಪ್ಪಾಗಬೇಕು! 1922ರ ಅವರ ಪ್ರಬಂಧದಲ್ಲಿ ಆ ಅಳತೆಗೋಲು ಹುಟ್ಟಿತು.

ಅದರ ಮರ್ಮವಿಷ್ಟು. ಒಂದು ಮುಡಿ ಅಕ್ಕಿಯನ್ನು ಅಂಗಳದಲ್ಲಿ ರಾಶಿ ಹಾಕಿದರೆ ಅದು ಒಂದು ಎತ್ತರಕ್ಕೆ ನಿಲ್ಲುತ್ತದೆ. ಗೋಡೆಗೆ ಒತ್ತಿ ಹಾಕಿದರೆ ಅದೇ ಅಕ್ಕಿ ಇನ್ನೂ ಎತ್ತರಕ್ಕೇರುತ್ತದೆ. ಫಲನದ ಪರಿಮಾಣದ ವರ್ಗವನ್ನು ಪ್ರದೇಶದ ಉದ್ದಗಲಕ್ಕೂ ಕೂಡಿಸಿದ ಮೊತ್ತವೇ ಇಲ್ಲಿಯ ಅಕ್ಕಿ, ಅದು ಅನಂತವಾಗಬಾರದು. ಮೊತ್ತ ಒಂದೇ ಎಂದು ಗೊತ್ತುಮಾಡಿ, ಆ ವರ್ಗ ಪ್ರತಿಯೊಂದು ಬಿಂದುವಿನಲ್ಲಿ ಎಷ್ಟರವರೆಗೆ ಏರಬಲ್ಲುದೆಂದು ಗುರುತಿಸುತ್ತ ಹೋದರೆ ದೊರೆಯುವುದೇ ಬರ್ಗ್‌ಮನ್ ಕರ್ನೆಲ್. ನಾಲ್ಕು ಆಯಾಮದ ಗೋಲದಲ್ಲಿ, ಎಲ್ಲೆಯ ಹತ್ತಿರ, ದೂರ ಅರ್ಧವಾದಂತೆ ಅದು ಸುಮಾರು ಎಂಟು ಪಾಲು ಹೆಚ್ಚುತ್ತದೆ. ಬಿಲ್ಲೆಗಳ ಜೋಡಿಯಲ್ಲಿ, ಒಂದೇ ಬಿಲ್ಲೆಯ ಎಲ್ಲೆಯತ್ತ ಸರಿದರೆ, ನಾಲ್ಕೇ ಪಾಲು. ಆಕೃತಿ ಮಾರ್ಪಟ್ಟಾಗ ಕರ್ನೆಲ್ ನಿಶ್ಚಿತ ನಿಯಮದಂತೆ ಬದಲಾಗುತ್ತದೆ. ಅದರಿಂದ ಹುಟ್ಟುವ ದೂರದ ಅಳತೆಯಾದರೋ ಬದಲಾಗದು.

ಅಳತೆ ಬದಲಾಗದಿದ್ದರೂ ಅಳೆದವರ ನೆಲೆ ಬದಲಾಯಿತು. ಯೆಹೂದಿಯೆಂಬ ಕಾರಣಕ್ಕೆ 1933ರಲ್ಲಿ ಬರ್ಲಿನ್ನಿನ ಕೆಲಸ ಹೋಯಿತು. ಸೈಬೀರಿಯದ ಟೋಮ್ಸ್ಕ್, ಅನಂತರ ಟ್ಬಿಲಿಸಿ, ಪ್ಯಾರಿಸ್ ಎಂದು ಅಲೆದು, ಯುದ್ಧ ಮೊದಲಾದ 1939ರಲ್ಲಿ ಬರ್ಗ್‌ಮನ್ನರು ಅಮೆರಿಕ ಸೇರಿದರು, ಸ್ಟ್ಯಾನ್‌ಫರ್ಡಿನಲ್ಲಿ ಅಧ್ಯಾಪಕರಾದರು. 1977ರಲ್ಲಿ ತೀರಿಕೊಂಡರು.

ಅವರ ಕೋಲು ನಮ್ಮ ನಾಡಿಗೂ ಬಂದಿದೆ. ಹಲವು ಮಿಶ್ರ ಚರಗಳ ಈ ಗಣಿತವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬೆಳೆಸಿದವರಲ್ಲಿ ಕೌಶಲ್ ವರ್ಮ ಒಬ್ಬರು; 2014ರಲ್ಲಿ ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ದೊರೆಯಿತು. ಅಲ್ಲಿಯ ಕರಿಹಲಗೆಯ ಮೇಲೆ ಕಂಬಗಳಿಲ್ಲ, ಎಲ್ಲೆಗಳುಂಟು.