ಒಂದೇ ಪಾತ್ರೆಯಲ್ಲಿ ಅಣುಮರ

ಭಟ್ಕಳ ಮಲ್ಲಿಗೆಯ ಮಾಲೆಯಲ್ಲಿ ಮೊಗ್ಗಿನ ಪಕ್ಕಕ್ಕೆ ಮೊಗ್ಗು ಕೂಡುತ್ತದೆ. ಹೊನ್ನಾವರದ ಮೀನುಗಾರರು ಬೀಸುವ ನೈಲಾನ್ ಬಲೆಯ ಒಳರಚನೆಯೂ ಹೆಚ್ಚುಕಡಿಮೆ ಹಾಗೆಯೇ. ಸಣ್ಣ ಅಣುಗಳು ಸಾಲಾಗಿ ಬೆಸೆದುಕೊಂಡು ಉದ್ದನೆಯ ಸರಪಳಿಯಾಗಿರುತ್ತವೆ. ಇದೇ ಪಾಲಿಮರ್. ಕುಮಟಾ ಸಮೀಪದ ಅಘನಾಶಿನಿ ಅಳಿವೆಯ ಕಾಂಡ್ಲಾ ಗಿಡದ ರೀತಿಯೇ ಬೇರೆ. ಅಲ್ಲಿ ಕೊಂಬೆಯಿಂದ ಕೊಂಬೆ ಒಡೆಯುತ್ತದೆ. ಅಣುಗಳೂ ಹೀಗೆ ಕವಲೊಡೆಯಬಲ್ಲವೆ?

ಒಡೆಯಬಲ್ಲವು. 1985ರಲ್ಲಿ ಅಮೆರಿಕದ ಡೊನಾಲ್ಡ್ ಟೊಮಾಲಿಯಾ ಮತ್ತು ಸಂಗಡಿಗರು ಇಂಥ ‘ಡೆಂಡ್ರಿಮರ್’ಗಳನ್ನು ವಿವರಿಸಿದರು. ಗ್ರೀಕ್ ಭಾಷೆಯಲ್ಲಿ ಡೆಂಡ್ರಾನ್ ಎಂದರೆ ಮರ. ಒಂದು ಸುತ್ತು ಕವಲು ಮೂಡಿಸಿ, ಶುದ್ಧಗೊಳಿಸಿ, ಮತ್ತೆ ಮುಂದಿನ ಸುತ್ತು ಹಿಡಿಯಬೇಕು. ಅಣು ಅಚ್ಚುಕಟ್ಟಾಗಿ ಬರುತ್ತದೆ. ಆದರೆ ಶ್ರಮ, ಖರ್ಚು ಎರಡೂ ಹೆಚ್ಚು.

ಸುಲಭದ ದಾರಿಯನ್ನು ಪಾಲ್ ಫ್ಲೋರಿ 1952ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಪ್ರತಿ ಅಣುವಿಗೆ ಮೂರು ಕೈಗಳಿವೆ ಎನ್ನಿ: ಒಂದು ‘ಎ’, ಎರಡು ‘ಬಿ’. ‘ಎ’ ಹಿಡಿಯುವುದು ‘ಬಿ’ಯನ್ನು ಮಾತ್ರ. ನೂರು ಅಣುಗಳು ಕೂಡಿ ಒಂದು ಮರವಾದರೆ ಬಂಧಗಳು 99. ಉಳಿಯುವುದು ಒಂದೇ ‘ಎ’, 101 ‘ಬಿ’. ಮರಮರಗಳು ಹತ್ತಾರು ಕಡೆ ಕಚ್ಚಿಕೊಳ್ಳಲು ‘ಎ’ ಕೈಗಳೇ ಇಲ್ಲ. ಆದ್ದರಿಂದ ಪಾತ್ರೆಯಲ್ಲಿದ್ದುದೆಲ್ಲ ಕರಗದ ಗಟ್ಟಿಯಾಗಿಬಿಡುವ ಭಯವಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ರಾಮಕೃಷ್ಣನ್ ಮತ್ತು ಎಂ. ಜಯಕಣ್ಣನ್ 2000ದ ಸುಮಾರಿಗೆ ಇದನ್ನು ಇನ್ನಷ್ಟು ಸರಳಗೊಳಿಸಿದರು. ದ್ರಾವಕ ಬೇಡ, ಮೂಲವಸ್ತುವನ್ನು ಕರಗಿಸಿ, ಆಮ್ಲ ವೇಗವರ್ಧಕ ಸೇರಿಸಿ ಕಾಯಿಸಿದರಾಯಿತು. ಬಂಧ ಕೂಡಿದಂತೆಲ್ಲ ಮೆಥನಾಲ್ ಹುಟ್ಟಿ ಆವಿಯಾಗಿ ಹೋಗುತ್ತದೆ. ಅದು ಹೋದಷ್ಟೂ ಕ್ರಿಯೆ ಮುಂದಕ್ಕೆ ಸಾಗುತ್ತದೆ. ಪಿಯುಸಿ ವಿದ್ಯಾರ್ಥಿಗಳು ಓದುವ ಲ ಶಾಟೆಲಿಯೆ ತತ್ತ್ವವೇ ಇಲ್ಲಿ ಕೆಲಸಕ್ಕೆ ಬಂದಿದೆ.

ಸುಲಭಕ್ಕೆ ಬೆಲೆಯೂ ಇದೆ. ಇಲ್ಲಿ ಎಲ್ಲ ಮರಗಳೂ ಒಂದೇ ಗಾತ್ರದವಲ್ಲ, ಕೆಲವು ಕಡೆ ಕವಲು ತಪ್ಪುತ್ತದೆ. ಪ್ರತಿ ಅಣುವೂ ಒಂದೇ ತೆರನಾಗಿರಲೇಬೇಕಾದ ಕೆಲಸಕ್ಕೆ ಡೆಂಡ್ರಿಮರ್ರೇ ಬೇಕು. ಬಣ್ಣ, ಲೇಪನಗಳಿಗೆ ಇದು ಸಾಕು. ಕವಲೊಡೆದ ಅಣುಗಳು ಒಂದಕ್ಕೊಂದು ಅಷ್ಟಾಗಿ ಸಿಕ್ಕಿಕೊಳ್ಳದೆ ಸರಾಗವಾಗಿ ಹರಿಯುತ್ತವೆ. ಅದೇ ಕಾರಣಕ್ಕೆ ಇವುಗಳಿಂದ ಬಲೆ ಹೆಣೆಯಲು ಬಾರದು. ದಾರಕ್ಕೆ ಉದ್ದ ಸರಪಳಿಯ ಬಿಗಿಯೇ ಬೇಕು.

ಯಾವ ಕೆಲಸಕ್ಕೆ ಎಷ್ಟು ಅಚ್ಚುಕಟ್ಟು ಸಾಕೆಂದು ತೂಗಿ ನೋಡುವುದೂ ರಸಾಯನಶಾಸ್ತ್ರವೇ. ಸಮೀಕರಣಗಳನ್ನು ಅಂಕಕ್ಕಾಗಿ ಬಾಯಿಪಾಠ ಮಾಡುವ ಮಕ್ಕಳಿಗೆ ಪಾಲಕರು ಇಂದು ಒಂದು ಪ್ರಶ್ನೆ ಕೇಳಬಹುದು: ಇಂಥ ಐದು ಅಣುಗಳು ಕೂಡಿ ಒಂದು ಮರವಾದರೆ ಉಳಿಯುವ ‘ಬಿ’ ಕೈಗಳೆಷ್ಟು? ಹೇಗೆ ಕವಲೊಡೆಸಿ ಬಿಡಿಸಿದರೂ ಉತ್ತರ ಆರೇ. ಏಕೆಂದು ಮಕ್ಕಳೇ ಹೇಳಲಿ.