ಹತ್ತು ನಿಮಿಷ ಕರೆಂಟ್ ಹೋದ್ರೆ ಕಿರಿಟೋ ಗತಿ ಏನು?

ಹಾಸ್ಟೆಲಿನಲ್ಲಿ 'ಸ್ವೋರ್ಡ್ ಆರ್ಟ್ ಆನ್‌ಲೈನ್' ಹೆಸರೆತ್ತಿದ್ರೆ ಸಾಕು, ಎರಡು ಪಾರ್ಟಿ ಆಗ್ತಾವೆ. ಒಂದು ಪಾರ್ಟಿಗೆ ಅದು ನೋಡಿದ ಮೊದಲನೇ ಅನಿಮೆ, ಹಾಗಾಗಿ ಪ್ರಾಣ. ಇನ್ನೊಂದು ಪಾರ್ಟಿಗೆ ಅದು ಬರೀ ಕಸ. ನಾನು ಎರಡೂ ಅಲ್ಲ. ಅದರ ಮೇಲೆ ನನಗೆ ಸಿಟ್ಟಿದೆ, ಆದ್ರೆ ಚೆನ್ನಾಗಿ ಆಗಬಹುದಿತ್ತಲ್ಲ ಅನ್ನೋ ಸಿಟ್ಟು.

ಗೊತ್ತಿಲ್ಲದವರಿಗೆ ಎರಡು ಮಾತು. ರೆಕಿ ಕವಹಾರಾ ಬರೆದ ಕಾದಂಬರಿ 2009ರಲ್ಲಿ ಪುಸ್ತಕವಾಯ್ತು, 2012ರಲ್ಲಿ ಅನಿಮೆ. ತಲೆಗೆ ನರ್ವ್‌ಗೇರ್ ಹಾಕಿಕೊಂಡು ಗೇಮಿನೊಳಗೆ ಹೋದ ಹತ್ತು ಸಾವಿರ ಜನಕ್ಕೆ ಲಾಗ್‌ಔಟ್ ಬಟನ್ ಇಲ್ಲ. 100 ಮಹಡಿಯ ಐನ್‌ಕ್ರ್ಯಾಡ್ ಕೋಟೆ ಗೆದ್ದರೆ ಬಿಡುಗಡೆ. ಒಳಗೆ ಸತ್ತರೆ ಹೊರಗೂ ಸಾವು. ಮನೆಯವರು ಹೆಲ್ಮೆಟ್ ಕಿತ್ತರೂ ಸಾವು. ಹತ್ತು ನಿಮಿಷ ಕರೆಂಟ್ ಹೋದರೂ ಸಾವು! ಈ ಡೈಲಾಗ್ ಕೇಳಿ ನಾನು ನಕ್ಕುಬಿಟ್ಟೆ. ಹನೂರಿನ ಕಡೆಯ ಹಳ್ಳಿಗಳಲ್ಲಿ ಯಾರಾದರೂ ಈ ಗೇಮ್ ಆಡಿದ್ರೆ ಮೊದಲನೇ ಮಹಡಿಯ ಬಾಗಿಲೂ ನೋಡ್ತಿರಲಿಲ್ಲ.

ತಮಾಷೆ ಬಿಡಿ, ಆ ಮೊದಲನೇ ಎಪಿಸೋಡ್ ನಿಜಕ್ಕೂ ಗಟ್ಟಿ. ಎರಡನೆಯದೂ ಪರವಾಗಿಲ್ಲ: ಒಂದು ತಿಂಗಳಲ್ಲಿ ಎರಡು ಸಾವಿರ ಜನ ಸತ್ತಿದ್ದಾರೆ, ಇನ್ನೂ ಮೊದಲನೇ ಮಹಡಿ ದಾಟಿಲ್ಲ. ಭಯ ನಮಗೂ ತಟ್ಟುತ್ತೆ. ಆಮೇಲೆ ಏನಾಗುತ್ತೆ? ಮೂರನೇ ಎಪಿಸೋಡ್ ಶುರುವಾಗೋದು 11ನೇ ಮಹಡಿಯಲ್ಲಿ, ನಾಲ್ಕನೆಯದು 35ರಲ್ಲಿ. 14ನೇ ಎಪಿಸೋಡಿಗೆ, 75ನೇ ಮಹಡಿಯಲ್ಲಿ ಆಟ ಮುಗಿದೇ ಹೋಯ್ತು. ನೂರು ಮಹಡಿ ತೋರಿಸ್ತೀನಿ ಅಂತ ಕರೆದು ಲಿಫ್ಟಲ್ಲಿ ಕರ್ಕೊಂಡು ಹೋದ ಹಾಗೆ.

ಇದಕ್ಕೆ ಕಾರಣ ಇದೆ. ಮೂಲ ಕಾದಂಬರಿಯ ಮೊದಲ ಸಂಪುಟ ಆರಂಭದಿಂದ ಸೀದಾ 74ನೇ ಮಹಡಿಗೆ ಜಿಗಿಯುತ್ತೆ. ನಡುವಿನ ಬಿಡಿ ಕಥೆಗಳು ಎರಡನೇ ಸಂಪುಟದಲ್ಲಿವೆ. ಅನಿಮೆಯವರು ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿದರು, ಅದಕ್ಕೇ ಹೊಲಿಗೆ ಕಾಣುತ್ತೆ. ಲೇಖಕರಿಗೂ ಇದು ಕಾಡಿರಬೇಕು, ಮಹಡಿ ಮಹಡಿಯಾಗಿ ಹೇಳೋಕೆ 'ಪ್ರೋಗ್ರೆಸಿವ್' ಅಂತ ಬೇರೆ ಸರಣಿಯನ್ನೇ ಶುರು ಮಾಡಿದರು.

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರಿಗೆ ಬಿಡಿ ಕಥೆ ಹೊಸದಲ್ಲ. ಅನಿಮೆಯವರು 'ಆರ್ಕ್' ಅನ್ನೋದನ್ನ ಕಂಸಾಳೆಯವರು 'ಸಾಲು' ಅಂತಾರೆ. ಶ್ರವಣನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸಂಕಮ್ಮನ ಸಾಲು. ಮಾದಪ್ಪನ ಇಡೀ ಕಾವ್ಯ ಒಂದೇ ರಾತ್ರಿ ಯಾರೂ ಹಾಡಲ್ಲ, ಒಂದು ಸಾಲು ಎತ್ಕೊತಾರೆ. ಆದ್ರೆ ಎತ್ಕೊಂಡ ಸಾಲನ್ನ ಓಡಿಸಲ್ಲ. ಎಪ್ಪತ್ತೇಳು ಮಲೆ ಅಂದ ಮೇಲೆ ಕಾಡು, ಮುಳ್ಳು, ದಾರಿ ಎಲ್ಲ ಬರಬೇಕು. ಕೇಳೋರಿಗೆ ಕಾಲು ನೋಯಬೇಕು.

ಸಂಕಮ್ಮನ ಹೆಸರು ಬಂದಿದ್ದಕ್ಕೆ ಹೇಳ್ತೀನಿ, ನನ್ನ ದೊಡ್ಡ ತಕರಾರು ಅಸುನಾ ವಿಷಯದಲ್ಲಿ. ಮೊದಲರ್ಧದಲ್ಲಿ ಆಕೆ ದೊಡ್ಡ ಗಿಲ್ಡಿನ ಉಪನಾಯಕಿ, ಕತ್ತಿ ಹಿಡಿದರೆ ಕಿರಿಟೋಗೆ ಸರಿಸಮ. 15ನೇ ಎಪಿಸೋಡಿಂದ ಅವಳನ್ನ ಪಂಜರದಲ್ಲಿ ಕೂರಿಸಿಬಿಟ್ಟರು. ಒಂದು ಸಲ ತಪ್ಪಿಸಿಕೊಳ್ಳೋಕೆ ನೋಡ್ತಾಳೆ, ಮತ್ತೆ ಸಿಕ್ಕಿಬೀಳ್ತಾಳೆ, ಅಷ್ಟೇ. ಉಳಿದಿದ್ದು ಕಿರಿಟೋ ಗೆಲ್ಲಬೇಕಾದ ಬಹುಮಾನ. ಅದೇ ಸಂಕಮ್ಮನನ್ನ ನೋಡಿ: ಗಂಡ ಕಾಡಿಗೆ ಹೋಗೋ ಮುಂಚೆ ಅನುಮಾನಪಟ್ಟು, ಭಾಷೆ ಕೊಡು ಅಂತ ಪೀಡಿಸ್ತಾನೆ, ಕಟ್ಟಿಹಾಕ್ತಾನೆ. ಬಿಡಿಸೋಕೆ ಮಾದಪ್ಪನೇ ಬರಬೇಕು, ಅದು ನಿಜ. ಆದ್ರೆ ಆಕೆ ಗಂಡನ ಜೊತೆ ವಾದ ಮಾಡ್ತಾಳೆ, ಸಾಲು ಅವಳ ಹೆಸರಲ್ಲೇ ಇದೆ, ಕೇಳೋರ ಕರುಳು ಅವಳ ಕಡೆಗೇ ಇರುತ್ತೆ. ಜನಪದದವರಿಗೆ ಗೊತ್ತಿದ್ದಿದ್ದು ಈ ಅನಿಮೆಗೆ ಯಾಕೆ ಗೊತ್ತಾಗಲಿಲ್ಲ?

ಹಾಗಾದ್ರೆ ಕಸ ಅನ್ನೋರ ಪಾರ್ಟಿಗೆ ಸೇರಬಹುದಲ್ಲ ಅಂತೀರಾ? ಮೂರನೇ ಎಪಿಸೋಡ್ ಬಿಡಲ್ಲ. ಕಿರಿಟೋ ತನ್ನ ಲೆವೆಲ್ ಮುಚ್ಚಿಟ್ಟು ಒಂದು ಸಣ್ಣ ಗಿಲ್ಡಿಗೆ ಸೇರ್ತಾನೆ. ಅಲ್ಲಿ ಸಾಚಿ ಅನ್ನೋ ಹುಡುಗಿಗೆ ಸಾಯೋ ಭಯ, ನಿದ್ದೆ ಇಲ್ಲ. ನೀನು ಸಾಯಲ್ಲ ಅಂತ ಅವಳಿಗೆ ಧೈರ್ಯ ಹೇಳ್ತಾನೆ. ಒಂದು ಪೆಟ್ಟಿಗೆ ತೆಗೆದಿದ್ದಕ್ಕೆ ಬಲೆಗೆ ಬಿದ್ದು ಅವಳೂ ಜೊತೆಗಿದ್ದವರೂ ಅವನ ಕಣ್ಣೆದುರೇ ಹೋಗ್ತಾರೆ. ಕ್ರಿಸ್‌ಮಸ್ ರಾತ್ರಿ ಒಬ್ಬನೇ ಬಾಸ್ ಹೊಡೆದು, ಸತ್ತವರನ್ನ ಬದುಕಿಸೋ ವಸ್ತು ಗೆಲ್ತಾನೆ. ಓದಿದರೆ, ಸತ್ತ ಹತ್ತು ಸೆಕೆಂಡಿನೊಳಗೆ ಮಾತ್ರ ಕೆಲಸ ಮಾಡುತ್ತೆ. ಆಮೇಲೆ ಅವಳು ರೆಕಾರ್ಡ್ ಮಾಡಿಟ್ಟ ಮಾತು ಬರುತ್ತೆ: ಅವನ ನಿಜವಾದ ಲೆವೆಲ್ ಅವಳಿಗೆ ಮೊದಲೇ ಗೊತ್ತಿತ್ತು. ಗೇಮಿನ ರೂಲ್ಸನ್ನೇ ದುಃಖ ಮಾಡಿದ ಈ ಇಪ್ಪತ್ತು ನಿಮಿಷ, ಕಿರಿಟೋ ಯಾವಾಗಲೂ ಗೆಲ್ತಾನೆ ಅಂತ ಬೈಯೋರು ಮರೆಯೋ ಇಪ್ಪತ್ತು ನಿಮಿಷ.

ಮೊದಲ ಸಲ ನೋಡೋರಿಗೆ ನನ್ನ ಸಲಹೆ: 14ರವರೆಗೆ ನೋಡಿ. ಪಂಜರದ ಭಾಗ ಬೇಕಾದ್ರೆ 1.5 ಸ್ಪೀಡಲ್ಲಿ ಓಡಿಸಿ. ಆಮೇಲೆ ಎರಡನೇ ಸೀಸನ್ನಿನ ಕೊನೆ, ಯೂಕಿ ಕಥೆಗೆ ಹೋಗಿ. ಅಲ್ಲಿ ಅಸುನಾಗೆ ಕತ್ತಿ ವಾಪಸ್ ಸಿಗುತ್ತೆ. ನರ್ವ್‌ಗೇರಿನದೇ ತಂತ್ರಜ್ಞಾನ ಆಸ್ಪತ್ರೆಯ ಮೆಷಿನ್ ಆಗಿ ಬರುತ್ತೆ. ಅದರೊಳಗೆ ಮೂರು ವರ್ಷದಿಂದ ಮಲಗಿರೋ ಹುಡುಗಿಗೆ ಓಡಾಡೋಕೆ, ಜಗಳ ಆಡೋಕೆ, ಗೆಳತಿ ಮಾಡಿಕೊಳ್ಳೋಕೆ ಉಳಿದಿರೋ ಜಾಗ ಆ ಗೇಮ್ ಒಂದೇ. ಲಾಗ್‌ಔಟ್ ಬಟನ್ ಅವಳ ಹತ್ರ ಇದೆ.