ಹೋಗುತ್ತೆ, ಹೋಗಲ್ಲ

ಆಗಸ್ಟ್‌ನಲ್ಲಿ ಅಪ್ಪ ಬೆಂಗಳೂರಿನಿಂದ ಬಂದು ಒಂದು ತಿಂಗಳು ನಮ್ಮ ಜೊತೆ ಇದ್ದರು. ಮಾದಾಪುರದಲ್ಲಿ ಅವರಿಗೆ ಹೊತ್ತು ಹೋಗುವುದಿಲ್ಲ. ಬೆಳಿಗ್ಗೆ ದುರ್ಗಂ ಚೆರುವಿನ ಕಡೆ ಒಂದು ಸುತ್ತು, ಆಮೇಲೆ ಪೇಪರು, ಆಮೇಲೆ ನನ್ನ ಕಾಲ್‌ಗಳು ಯಾವಾಗ ಮುಗಿಯುತ್ತವೋ ಎಂದು ಕಾಯುವುದು. ಪೀಣ್ಯದ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಷನ್ ಮಾಡಿದ ಮನುಷ್ಯ. ಕೈ ಸುಮ್ಮನಿರುವುದಿಲ್ಲ. ನಮ್ಮ ಮನೆಯ ಬಾಗಿಲುಗಳ ಹಿಂಜ್‌ಗಳನ್ನೆಲ್ಲ ಎರಡು ಸಲ ಬಿಗಿ ಮಾಡಿಯಾಗಿತ್ತು.

ಅಂಥವರಿಗೆ ಕೆಲಸ ಕೊಟ್ಟವನು ನಮ್ಮ ಟೀಮಿನ ವಿರಾಜಪೇಟೆಯ ಹುಡುಗ. ಒಂದು ಭಾನುವಾರ ಕಾಫಿಗೆ ಬಂದಿದ್ದ. ಅವನ ತಂದೆ ನಿವೃತ್ತ ಸೈನಿಕರು, ಅವರ ಹತ್ತಿರ ತಾತನ ಕಾಲದ .32 ರಿವಾಲ್ವರ್ ಇದೆ. (ಕೊಡಗಿನವರಿಗೆ ಕೋವಿಗೆ ರಿಯಾಯಿತಿ ಇದೆ ನಿಜ, ಆದರೆ ರಿವಾಲ್ವರ್‌ಗೆ ಎಲ್ಲರ ಹಾಗೆ ಲೈಸೆನ್ಸ್ ಬೇಕೇ ಬೇಕು. ಅವರದ್ದಿದೆ.) ಆರು ಚೇಂಬರ್‌ಗಳಲ್ಲಿ ಒಂದರಿಂದ ಹೊಡೆದ ಗುಂಡು ಮಾತ್ರ ರೇಂಜಿನಲ್ಲಿ ಪ್ರತಿಸಲ ಪಕ್ಕಕ್ಕೆ ಹೋಗುತ್ತಿತ್ತಂತೆ. ಆ ಚೇಂಬರಿನ ಬಾಯಿ ಕಿರಿದಾಗಿದೆ, ರೀಮರ್ ಹಾಕಿಸಿ ದೊಡ್ಡದು ಮಾಡಿಸಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದ್ದರು. ಅದಕ್ಕೆ ಮುಂಚೆ ತಾನೇ ಅಳೆದು ನೋಡೋಣ ಎಂದು ಇವನು ಪಿನ್ ಗೇಜ್ ಹುಡುಕುತ್ತಿದ್ದ. 0.251 ಇಂಚಿನಿಂದ 0.500ರ ತನಕ ಒಂದೊಂದು ಥೌ ಏರುವ 250 ಪಿನ್ನಿನ ಪೆಟ್ಟಿಗೆಯ ಫೋಟೋ ಮೊಬೈಲಿನಲ್ಲಿ ತೋರಿಸಿ, "ಅಂಕಲ್, ಇದು ತಗೊಳ್ಳಲಾ?" ಎಂದ.

ಅಪ್ಪ ಕನ್ನಡಕ ಹಾಕಿಕೊಂಡರು. "ಏನು ತಿಳ್ಕೋಬೇಕು ನಿನಗೆ? ಅದು ಹೇಳು ಮೊದಲು."

ಪಿನ್ ಗೇಜ್ ಗೊತ್ತಿಲ್ಲದವರಿಗೆ ಒಂದು ಮಾತು. ಅದು ಗಟ್ಟಿ ಉಕ್ಕಿನ, ಕನ್ನಡಿಯಂತೆ ನುಣುಪಾದ ಕಡ್ಡಿ, ಅಷ್ಟೇ. ಮುಳ್ಳಿಲ್ಲ, ಅಂಕಿ ತೋರಿಸುವ ಪರದೆ ಇಲ್ಲ. ತೂತಿಗೆ ಹಾಕಿದರೆ ಹೋಗುತ್ತೆ, ಇಲ್ಲ ಹೋಗಲ್ಲ. ಹೋದ ಪಿನ್ನಿಗಿಂತ ತೂತು ದೊಡ್ಡದು, ಹೋಗದ ಪಿನ್ನಿಗಿಂತ ಚಿಕ್ಕದು. ಸತ್ಯ ಈ ಎರಡರ ನಡುವೆ ಇದೆ. ವರ್ನಿಯರ್ ಸಾಲದೇ ಎಂದು ನಾನೇ ಕೇಳಿದೆ. ಸಣ್ಣ ತೂತಿನಲ್ಲಿ ಅದರ ಒಳದವಡೆಯ ಚಪ್ಪಟೆ ಅಂಚು ಸರಿಯಾಗಿ ಕೂರುವುದಿಲ್ಲ, ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ ಎಂದರು.

ರಿವಾಲ್ವರಿನಲ್ಲಿ ಅಳೆಯುವ ಜಾಗ ಎರಡು. ಚೇಂಬರಿನ ಹಿಂಭಾಗ ತೋಟಾ ಕೂರುವಷ್ಟು ಅಗಲ. ಮುಂದೆ ಗುಂಡು ದಾಟುವ ಕಡೆ ಕಿರಿದಾಗುತ್ತದೆ, ಅದಕ್ಕೆ ಥ್ರೋಟ್ ಅನ್ನುತ್ತಾರೆ, ನಮ್ಮ ಮಾತಿನಲ್ಲಿ ಕೊರಳು. ಪಿನ್ನನ್ನು ಸಿಲಿಂಡರಿನ ಮುಂದಿನಿಂದ ಈ ಕೊರಳಿಗೆ ಹಾಕಬೇಕು. ಇನ್ನೊಂದು ಬ್ಯಾರೆಲ್. ಅದರೊಳಗೆ ಸುರುಳಿಯಾಗಿ ಕೊರೆದ ಗೀರುಗಳು, ಗೀರುಗಳ ನಡುವೆ ದಿಬ್ಬಗಳು. ಪಿನ್ ದಿಬ್ಬಗಳ ಮೇಲೆ ಮಾತ್ರ ಕೂರುತ್ತದೆ, ಗೀರಿನ ಆಳ ಅದಕ್ಕೆ ತಿಳಿಯುವುದಿಲ್ಲ. ಆಳ ಬೇಕಾದರೆ ಮೆತ್ತನೆಯ ಸೀಸದ ತುಂಡನ್ನು ಖಾಲಿ ಬ್ಯಾರೆಲ್ಲಿನಲ್ಲಿ ನಿಧಾನವಾಗಿ ತಳ್ಳಿ, ಹೊರಬಂದದ್ದನ್ನು ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಗೀರುಗಳು ಐದೋ ಏಳೋ ಇದ್ದರೆ ಎದುರುಬದುರು ಬರುವುದಿಲ್ಲ, ಅದಕ್ಕೆ ವಿ ಆಕಾರದ ಮೈಕ್ರೋಮೀಟರೇ ಬೇಕು. ಕೊರಳು ಗೀರಿನ ಅಳತೆಗೆ ಸಮ ಇರಬೇಕು ಅಥವಾ ಕೂದಲೆಳೆ ಹೆಚ್ಚಿರಬೇಕು. ಕೊರಳೇ ಕಿರಿದಾದರೆ ಗುಂಡು ಅಲ್ಲೇ ಹಿಂಡಿಕೊಂಡು ಸಣ್ಣದಾಗಿ, ಬ್ಯಾರೆಲ್ಲಿನಲ್ಲಿ ಸಡಿಲವಾಗಿ ಓಡುತ್ತದೆ.

"ಹಂಗಾದ್ರೆ ಇನ್ನೂರೈವತ್ತು ಪಿನ್ ಯಾಕಪ್ಪಾ?" ಎಂದರು ಅಪ್ಪ. .32ರ ಸೀಸದ ಗುಂಡು ಸುಮಾರು 0.312ರಿಂದ 0.314 ಇಂಚು. ಕೊರಳಿಗೆ 0.311ರಿಂದ 0.316, ದಿಬ್ಬಗಳಿಗೆ 0.300ರಿಂದ 0.305. ಒಟ್ಟು ಹನ್ನೆರಡು ಬಿಡಿ ಪಿನ್. ಒಂದು ಥೌ ಅಂದರೆ 25 ಮೈಕ್ರಾನ್ ಚಿಲ್ಲರೆ, ತಲೆಗೂದಲಿನ ಮೂರನೇ ಒಂದು ಪಾಲು ಅನ್ನಿ. ದರ್ಜೆಯಲ್ಲಿ ಝಡ್‌ಝಡ್ ಸಾಕು, ಅದರ ತಪ್ಪು 5 ಮೈಕ್ರಾನ್ ಒಳಗೆ. ಎಕ್ಸ್ ದರ್ಜೆ 1 ಮೈಕ್ರಾನಿನದು, ಬೆಲೆ ಜಾಸ್ತಿ, ಈ ಕೆಲಸಕ್ಕೆ ಬೇಡ. ಮೈನಸ್ ಪಿನ್ ಕೇಳು ಎಂದರು: ಬರೆದ ಅಳತೆಗಿಂತ ಎಳ್ಳಷ್ಟು ಕಮ್ಮಿ ಇರುವುದು. ಬರೆದಷ್ಟೇ ಇರುವ ತೂತಿಗೆ ಬರೆದಷ್ಟೇ ದಪ್ಪದ ಪಿನ್ ಹೋಗುವುದಿಲ್ಲವಲ್ಲ.

ಸಿಕಂದರಾಬಾದಿನ ರಾಣಿಗಂಜ್‌ಗೆ ಮೂವರೂ ಹೋದೆವು. ದಾರಿಯಲ್ಲಿ ಬಾಲಾನಗರ ಬಂದಾಗ ಅಪ್ಪ ಸಿಐಟಿಡಿ ಎಲ್ಲಿ ಎಂದು ಕೇಳಿ, ಗೇಟಿನ ಮುಂದೆ ಕಾರು ನಿಲ್ಲಿಸಿಸಿದರು. 1968ರಲ್ಲಿ ಶುರುವಾದ ಟೂಲ್ ಡಿಸೈನ್ ಸಂಸ್ಥೆ ಅದು. ಹತ್ತು ವರ್ಷದಿಂದ ಹೈದರಾಬಾದಿನಲ್ಲಿರುವ ನನಗೆ ಅದು ಅಲ್ಲಿದೆ ಎಂದೇ ಗೊತ್ತಿರಲಿಲ್ಲ.

ಅಂಗಡಿಯಲ್ಲಿ ಅಪ್ಪ ಒಂದೊಂದೇ ಪಿನ್ ತೆಗೆದು, ತುದಿಯ ಅಂಚನ್ನು ಉಗುರಿನಲ್ಲಿ ಸವರಿ ನೋಡಿದರು. ತರಿ ಇದ್ದ ಎರಡನ್ನು ವಾಪಸ್ ಕೊಟ್ಟು ಬೇರೆ ಕೇಳಿದರು. ಅಂಗಡಿಯವನಿಗೆ ಕನ್ನಡ ಬಾರದು, ಅಪ್ಪನಿಗೆ ತೆಲುಗು ಬಾರದು. ಬೆರಳಿನಲ್ಲೇ ಮಾತಾಯಿತು.

ಮನೆಗೆ ಬಂದ ಮೇಲೆ ತಮ್ಮ ಶೇವಿಂಗ್ ಡಬ್ಬಿಯಿಂದ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಒಂದು ಪಿನ್ ತೆಗೆದು ಆ ಹುಡುಗನ ಕೈಗಿಟ್ಟರು. "ಇದು ಸವೆದ ಗೋ ಪಿನ್. ನೋಡಿದ್ರೆ ಗೊತ್ತಾಗಲ್ಲ."

ನಾನು ಕೇಳಿರದ ಕಥೆ ಅದು. ತೊಂಬತ್ತರ ದಶಕದಲ್ಲಿ, ಒಂದು ಲಾಟ್ ಬುಷ್‌ಗಳ ತೂತು ಚೂರು ಕಿರಿದಾಗಿತ್ತು. ಹೊಸ ಗೋ ಪಿನ್ ಒಳಗೆ ಹೋಗುತ್ತಿರಲಿಲ್ಲ. ಸಂಜೆಗೆ ಲಾರಿ ಹೊರಡಬೇಕು. ಮಾಲೀಕರು ಬಂದು, "ಆ ಹಳೇ ಪಿನ್ ಹಾಕಿ ನೋಡ್ರೀ" ಎಂದರು. ಹಳೆಯದು ಸವೆದು ಸಣ್ಣದಾಗಿತ್ತು, ಎಲ್ಲದಕ್ಕೂ ಸಲೀಸಾಗಿ ಹೋಯಿತು. ಅಪ್ಪ ಸಹಿ ಹಾಕಿದರು. ಹದಿನೈದು ದಿನಕ್ಕೆ ಪೂರಾ ಲಾಟ್ ವಾಪಸ್ ಬಂತು. ಕೆಲಸ ಹೋದದ್ದು ಅಪ್ಪನದಲ್ಲ, ಲೇತ್ ಮೇಲಿದ್ದ ಹುಡುಗನದು. "ಕಿರಿದಾದ ತೂತು, ಒಂದು ಸಲ ರೀಮರ್ ಎಳೆದಿದ್ರೆ ಸರಿಹೋಗ್ತಿತ್ತು. ಒಂದು ದಿನದ ಕೆಲಸ," ಎಂದು ಪಿನ್ನನ್ನು ಮತ್ತೆ ಸುತ್ತಿ ಒಳಗಿಟ್ಟರು.

ಸೆಪ್ಟೆಂಬರ್ ಮೊದಲ ವಾರ ಕೈಲ್‌ಪೊಳ್ದ್‌ಗೆ ಹುಡುಗ ಊರಿಗೆ ಹೋದ. ಅಲ್ಲಿಂದ ವಿಡಿಯೋ ಕಾಲ್. ಅಪ್ಪನ ಮೊದಲ ಮಾತು, "ಆರೂ ಖಾಲಿ ಇದೆಯಾ, ತೋರಿಸು. ಇನ್ನೊಂದು ಸಲ ತೋರಿಸು." ಪಿನ್ ಮತ್ತು ಸಿಲಿಂಡರ್ ಒಂದೇ ಟೇಬಲ್ ಮೇಲೆ ಒಂದು ಗಂಟೆ ಇಟ್ಟಿರಬೇಕು, ಕೈಬಿಸಿ ತಾಗಬಾರದು, ಒತ್ತಬಾರದು, ಪಿನ್ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಆ ಕಡೆ ಹುಡುಗನ ತಂದೆ ಸಿಲಿಂಡರ್ ಹಿಡಿದಿದ್ದರು. ಐದು ಕೊರಳಿಗೆ 0.314 ಇಳಿಯಿತು, 0.315 ಇಳಿಯಲಿಲ್ಲ. ಆರನೆಯದಕ್ಕೆ 0.312 ಕೂಡ ಹೋಗಲಿಲ್ಲ.

"ನೋಡಿ ಅಂಕಲ್, ಕಿರಿದಾಗೇ ಇದೆ!"

"ಕ್ಲೀನ್ ಮಾಡಿದ್ಯಾ?"

ಮಾಡಿದ್ದ, ಬಟ್ಟೆಯಲ್ಲಿ. ಅಪ್ಪ ಹಿತ್ತಾಳೆ ಬ್ರಶ್ ಹಾಕಿ ಉಜ್ಜಲು ಹೇಳಿದರು. ಅರ್ಧ ಗಂಟೆ ಉಜ್ಜಿದ ಮೇಲೆ ಬಿಳಿ ಬಟ್ಟೆಯ ಮೇಲೆ ಬೂದುಬಣ್ಣದ ಹೊಟ್ಟು ಉದುರಿತು, ವರ್ಷಗಟ್ಟಲೆ ಕಟ್ಟಿಕೊಂಡಿದ್ದ ಸೀಸ. ಮತ್ತೆ ಹಾಕಿದ. 0.314 ಸದ್ದಿಲ್ಲದೆ ಇಳಿಯಿತು. ಅವನು ಮೊದಲು ಅಳೆದದ್ದು ಕೊಳೆಯನ್ನು. ಅಷ್ಟನ್ನೇ ನಂಬಿ ರೀಮರ್ ಹಾಕಿಸಿದ್ದರೆ, ಹೋದ ಲೋಹ ವಾಪಸ್ ಬರುತ್ತಿರಲಿಲ್ಲ. ಮುಂದಿನ ರಿಪೇರಿ ಏನಿದ್ದರೂ ಪರವಾನಗಿ ಇರುವ ಗನ್‌ಸ್ಮಿತ್‌ನದೇ ಕೆಲಸ, ನಮ್ಮ ಪಿನ್ನುಗಳದಲ್ಲ ಎಂದು ಅಪ್ಪ ಕೊನೆಗೆ ಎಚ್ಚರಿಸಿದರು.

ಅಪ್ಪ ಊರಿಗೆ ಹೋದರು. ಆ ರಾತ್ರಿ ನನಗೆ ನೆನಪಾದದ್ದು ಮಾರ್ಚಿನ ಒಂದು ಶುಕ್ರವಾರ. ರಿಲೀಸ್‌ಗೆ ಎರಡು ಗಂಟೆ ಇತ್ತು. 200 ಮಿಲಿಸೆಕೆಂಡಿನೊಳಗೆ ಉತ್ತರ ಬರಬೇಕು ಎಂಬ ಟೆಸ್ಟ್ ಕೆಂಪಾಗಿತ್ತು. ಮಿತಿಯನ್ನು 300ಕ್ಕೆ ಏರಿಸಿದೆ, ಹಸಿರಾಯಿತು. "ಆಮೇಲೆ ನೋಡೋಣ" ಎಂದು ಒಂದು ಸಾಲು ಬರೆದಿಟ್ಟಿದ್ದೆ. ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಅದು ನನ್ನ ಸವೆದ ಪಿನ್.

ಸೋಮವಾರ ಅದನ್ನು ಮತ್ತೆ 200ಕ್ಕೆ ಇಳಿಸಿದೆ. ಮೂರು ಟೆಸ್ಟ್ ಕೆಂಪಾಗಿವೆ. ಮ್ಯಾನೇಜರ್ ಜೊತೆ ಇವತ್ತು ನಾಲ್ಕು ಗಂಟೆಗೆ ಕಾಲ್ ಇದೆ.